ಆಲ್ಫಾ ಲಿಪೋಯಿಕ್ ಆಸಿಡ್: ಕಾಲು ಉರಿಯ ಮಾತ್ರೆ ‘ಡಿಟಾಕ್ಸ್’ ಆದದ್ದು ಹೇಗೆ?

ಗಲ್ಫ್‌ನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಹಿಂದೆ ಟೈಗರ್ ಬಾಮ್, ಆ್ಯಕ್ಸ್ ಎಣ್ಣೆ, ಹಾಲಿನ ಪುಡಿ ಇರುತ್ತಿತ್ತು. ಈಗ ಅದರ ಜೊತೆಗೆ ಒಂದೆರಡು ಸಪ್ಲಿಮೆಂಟ್ ಡಬ್ಬಿಗಳೂ ಬರುತ್ತವೆ. ಮಲ್ಟಿ ವಿಟಮಿನ್, ಮೀನೆಣ್ಣೆ, ಬಯೋಟಿನ್, ಕೆಲವೊಮ್ಮೆ ‘ಆಲ್ಫಾ ಲಿಪೋಯಿಕ್ ಆಸಿಡ್’ ಎಂಬ ಹೆಸರಿನದ್ದು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮೆಡಿಕಲ್ ಶಾಪ್‌ಗಳಲ್ಲಿಯೂ ಇದೇ ವಸ್ತು ಬೇರೆ ರೂಪದಲ್ಲಿ ಸಿಗುತ್ತದೆ. ಶುಗರ್ ಇರುವ ಹಿರಿಯರಿಗೆ ‘ನರದ ಮಾತ್ರೆ’ ಅಂತ ಡಾಕ್ಟರ್ ಬರೆದುಕೊಡುವ ಚೀಟಿಯಲ್ಲಿ ಇದು ಬಹಳ ಕಾಲದಿಂದ ಇದೆ. ಅದೇ ವಸ್ತುವನ್ನು ಈಗ ಮೊಬೈಲ್‌ನಲ್ಲಿ ಬರುವ ಜಾಹೀರಾತುಗಳು ಯುವಕರಿಗೆ ‘ಆ್ಯಂಟಿ ಆಕ್ಸಿಡೆಂಟ್’, ‘ಲಿವರ್ ಡಿಟಾಕ್ಸ್’, ‘ಸ್ಕಿನ್ ಗ್ಲೋ’ ಎಂದು ಮಾರುತ್ತಿವೆ. ಉಮ್ಮ ಕಾಲು ಉರಿಗೆ ತಿನ್ನುವ ಮಾತ್ರೆಯನ್ನೇ ಮಗ ಜಿಮ್‌ಗೆಂದು, ಮಗಳು ಮುಖದ ಹೊಳಪಿಗೆಂದು ತಿನ್ನುವ ಮನೆಗಳೂ ಇವೆ. ಹಾಗಾಗಿ ಇದು ಏನು, ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ, ಯಾರಿಗೆ ಅಪಾಯ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಒಂದು ಹೆಸರಿನ ಗೊಂದಲ ತೀರಿಸಿಬಿಡಬೇಕು. ಡಬ್ಬಿಯ ಮೇಲೆ ‘ಎಎಲ್‌ಎ’ ಎಂದು ಮೂರಕ್ಷರ ಮಾತ್ರ ಇದ್ದರೆ ಅದು ಎರಡು ಬೇರೆ ಬೇರೆ ವಸ್ತು ಆಗಿರಬಹುದು. ಒಂದು ನಾವು ಹೇಳುತ್ತಿರುವ ಆಲ್ಫಾ ಲಿಪೋಯಿಕ್ ಆಸಿಡ್. ಇನ್ನೊಂದು ಆಲ್ಫಾ ಲಿನೋಲೆನಿಕ್ ಆಸಿಡ್, ಅಂದರೆ ಅಗಸೆ ಬೀಜದಲ್ಲಿರುವ ಒಮೆಗಾ 3 ಕೊಬ್ಬು. ಎರಡಕ್ಕೂ ಸಂಬಂಧವೇ ಇಲ್ಲ. ಲಿಪೋಯಿಕ್ ಆಸಿಡ್‌ಗೆ ‘ಥಯೋಕ್ಟಿಕ್ ಆಸಿಡ್’ ಎಂಬ ಇನ್ನೊಂದು ಹೆಸರೂ ಇದೆ. ವಿದೇಶದಿಂದ ಬಂದ ಡಬ್ಬಿಗಳಲ್ಲಿ ಆ ಹೆಸರೂ ಕಾಣಬಹುದು.

ದೇಹವೇ ತಯಾರಿಸುವ ವಸ್ತು

1951ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಲೆಸ್ಟರ್ ರೀಡ್ ಮತ್ತು ಜೊತೆಗಾರರು ಇದನ್ನು ಮೊದಲ ಬಾರಿಗೆ ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಸುಮಾರು 10 ಟನ್‌ನಷ್ಟು ದನದ ಲಿವರ್‌ನ ಶೇಷದಿಂದ ಅವರಿಗೆ ಸಿಕ್ಕಿದ್ದು 30 ಮಿಲಿಗ್ರಾಂ ಮಾತ್ರ. ಇವತ್ತು ಒಂದು ಮಾತ್ರೆಯಲ್ಲಿ 600 ಮಿಲಿಗ್ರಾಂ ಇರುತ್ತದೆ, ಅಂದರೆ ಅದರ ಇಪ್ಪತ್ತು ಪಟ್ಟು. ಆಹಾರದಲ್ಲಿ ಇದು ಎಷ್ಟು ಕಡಿಮೆ ಇರುತ್ತದೆ, ಮಾತ್ರೆಯಲ್ಲಿ ಎಷ್ಟು ಹೆಚ್ಚು ಇರುತ್ತದೆ ಎಂಬುದಕ್ಕೆ ಇದೊಂದೇ ಲೆಕ್ಕ ಸಾಕು. ಲಿವರ್, ಕಿಡ್ನಿ, ಹೃದಯದ ಮಾಂಸ, ಪಾಲಕ್, ಬ್ರೊಕೋಲಿ, ಟೊಮೆಟೊಗಳಲ್ಲಿ ಇದೆ ಎಂದು ಜಾಹೀರಾತಿನವರು ಹೇಳುವುದು ಸುಳ್ಳಲ್ಲ. ಆದರೆ ಅಲ್ಲಿ ಇರುವುದು ಅತ್ಯಲ್ಪ, ಅದೂ ಪ್ರೋಟೀನ್‌ಗೆ ಅಂಟಿಕೊಂಡ ರೂಪದಲ್ಲಿ. ಹಾಗಾಗಿ ಸಪ್ಲಿಮೆಂಟ್ ‘ಆಹಾರದ ಹಾಗೆಯೇ’ ಎನ್ನುವ ಮಾತು ಇಲ್ಲಿ ಹೊಂದುವುದಿಲ್ಲ. ಇಷ್ಟು ಪ್ರಮಾಣದಲ್ಲಿ ಇದು ಔಷಧಿಯ ಹಾಗೆ.

ಇದು ವಿಟಮಿನ್ ಅಲ್ಲ. ವಿಟಮಿನ್ ಎಂದರೆ ದೇಹಕ್ಕೆ ಬೇಕು, ಆದರೆ ದೇಹ ಸಾಕಷ್ಟು ತಯಾರಿಸುವುದಿಲ್ಲ. ಲಿಪೋಯಿಕ್ ಆಸಿಡನ್ನು ನಮ್ಮ ಜೀವಕೋಶಗಳೇ ತಯಾರಿಸುತ್ತವೆ. ಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ, ಅನ್ನದಿಂದ ಬಂದ ಸಕ್ಕರೆ ಶಕ್ತಿಯಾಗಿ ಬದಲಾಗುವ ದಾರಿಯಲ್ಲಿ, ಇದು ಎಂಜೈಮ್‌ಗೆ ಅಂಟಿಕೊಂಡು ಒಂದು ಕೈಯ ಹಾಗೆ ಕೆಲಸ ಮಾಡುತ್ತದೆ: ಇಲ್ಲಿಂದ ಎತ್ತಿ ಅಲ್ಲಿಗೆ ದಾಟಿಸುವುದು. ಅದರ ತುದಿಯಲ್ಲಿ ಎರಡು ಗಂಧಕದ ಪರಮಾಣುಗಳಿವೆ. ಆರ್ಸೆನಿಕ್ ವಿಷ ಮನುಷ್ಯನನ್ನು ಕೊಲ್ಲುವ ದಾರಿಗಳಲ್ಲಿ ಒಂದು, ಈ ಎರಡು ಗಂಧಕಗಳನ್ನು ಹಿಡಿದು ಆ ಕೈಯನ್ನು ಕಟ್ಟಿಹಾಕುವುದೇ. ಕಾಯಿಲೆ ಇಲ್ಲದ ಸಾಮಾನ್ಯ ಮನುಷ್ಯನಿಗೆ ‘ಲಿಪೋಯಿಕ್ ಆಸಿಡ್ ಕೊರತೆ’ ಅಂತ ಒಂದು ಸಮಸ್ಯೆಯೇ ಇಲ್ಲ. ಇರುವುದು ತೀರಾ ಅಪರೂಪದ, ಮಕ್ಕಳಲ್ಲಿ ಕಾಣುವ ವಂಶವಾಹಿ ದೋಷಗಳು.

ಆ್ಯಂಟಿ ಆಕ್ಸಿಡೆಂಟ್ ಎಂಬ ಮಾತು

ಜೀವಕೋಶಗಳಲ್ಲಿ ಆಮ್ಲಜನಕ ಬಳಕೆಯಾಗುವಾಗ ‘ಫ್ರೀ ರ್‍ಯಾಡಿಕಲ್’ ಎಂಬ ಚುರುಕು ಕಣಗಳು ಹುಟ್ಟುತ್ತವೆ. ಅವು ಹೆಚ್ಚಾದರೆ ಕೊಬ್ಬು, ಪ್ರೋಟೀನ್, ಡಿಎನ್‌ಎಗೆ ಹಾನಿ. ಅವನ್ನು ತಣಿಸುವ ವಸ್ತುಗಳೇ ಆ್ಯಂಟಿ ಆಕ್ಸಿಡೆಂಟ್. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಲಿಪೋಯಿಕ್ ಆಸಿಡ್ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ನೀರಿನಲ್ಲೂ ಕೊಬ್ಬಿನಲ್ಲೂ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ ‘ಸರ್ವವ್ಯಾಪಿ ಆ್ಯಂಟಿ ಆಕ್ಸಿಡೆಂಟ್’ ಎಂಬ ಬಿರುದೂ ಇದೆ.

ಗಾಜಿನ ನಳಿಕೆ ಬೇರೆ, ಮನುಷ್ಯನ ದೇಹ ಬೇರೆ. ಬಾಯಿಯಿಂದ ತೆಗೆದುಕೊಂಡ ಮಾತ್ರೆಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಉಳಿದದ್ದನ್ನು ಲಿವರ್ ಮೊದಲೇ ಒಡೆದುಹಾಕುತ್ತದೆ. ರಕ್ತಕ್ಕೆ ಸೇರಿದ್ದೂ ಅರ್ಧ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಡೀ ದಿನ ದೇಹದಲ್ಲಿ ಕಾವಲು ಕಾಯುತ್ತದೆ ಎಂಬ ಚಿತ್ರ ಸರಿಯಲ್ಲ.

ಆ್ಯಂಟಿ ಆಕ್ಸಿಡೆಂಟ್ ಹೆಚ್ಚು ತಿಂದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟುಗಳು ಬೇರೆ ವಸ್ತುಗಳಿಂದ ಬಂದವು. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ವಿಟಮಿನ್ ಇ ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಬಂದದ್ದು 2011ರಲ್ಲಿ ಪ್ರಕಟವಾಯಿತು. ಇವು ಲಿಪೋಯಿಕ್ ಆಸಿಡ್‌ನ ಪರೀಕ್ಷೆಗಳಲ್ಲ, ಹಾಗಂತ ಇದಕ್ಕೂ ಅದೇ ಆರೋಪ ಹೊರಿಸುವಂತಿಲ್ಲ. ಆದರೆ ‘ಆ್ಯಂಟಿ ಆಕ್ಸಿಡೆಂಟ್ ಅಲ್ವಾ, ಏನೂ ಆಗಲ್ಲ’ ಎಂದು ಹೇಳುವವರ ಮುಂದೆ ಇಡಲು ಈ ಎರಡು ಅಂಕಿಗಳು ಸಾಕು.

ಕಾಲು ಉರಿ, ಜೋಮು: ನಿಜವಾದ ವಿಷಯ ಇಲ್ಲಿದೆ

ಐಸಿಎಂಆರ್ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಬಂದಾಗ ದೇಶದ ವಯಸ್ಕರಲ್ಲಿ ಶೇ. 11.4 ಜನರಿಗೆ ಡಯಾಬಿಟಿಸ್ ಇತ್ತು. ಗೋವಾದಲ್ಲಿ ಶೇ. 26.4, ಕೇರಳದಲ್ಲಿ ಶೇ. 25.5. ಅಂದರೆ ಗಡಿಯ ಈಚೆ ಕಾಸರಗೋಡಿನಲ್ಲಿರುವ ನಮಗೂ, ಗೋವಾಕ್ಕೆ ವ್ಯಾಪಾರಕ್ಕೆ ಹೋಗಿ ನೆಲೆಸಿದವರಿಗೂ ಇದು ಪಕ್ಕದ ಮನೆಯ ಕಾಯಿಲೆ ಅಲ್ಲ, ನಮ್ಮ ಮನೆಯದ್ದೇ. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಪಾದದ ನರಗಳು ಕೆಡುತ್ತವೆ. ರಾತ್ರಿ ಪಾದ ಉರಿಯುವುದು, ಸೂಜಿ ಚುಚ್ಚಿದ ಹಾಗೆ ಆಗುವುದು, ಜೋಮು ಹಿಡಿಯುವುದು, ಕೊನೆಗೆ ಚಪ್ಪಲಿ ಕಾಲಿನಿಂದ ಜಾರಿಹೋದರೂ ಗೊತ್ತಾಗದಿರುವುದು. ಇದನ್ನು ಡಯಾಬಿಟಿಕ್ ನ್ಯೂರೋಪತಿ ಎನ್ನುತ್ತಾರೆ.

ಲಿಪೋಯಿಕ್ ಆಸಿಡ್ ಬಗ್ಗೆ ಗಂಭೀರ ಪರೀಕ್ಷೆ ನಡೆದಿರುವುದು ಮುಖ್ಯವಾಗಿ ಈ ಕಾಯಿಲೆಯಲ್ಲೇ. ಜರ್ಮನಿಯಲ್ಲಿ ಇದು ದಶಕಗಳಿಂದ ಔಷಧಿಯಾಗಿ ಬಳಕೆಯಲ್ಲಿದೆ. 1995ರಲ್ಲಿ ಅಲ್ಲಿ 328 ರೋಗಿಗಳಿಗೆ ಮೂರು ವಾರ ಡ್ರಿಪ್ ಮೂಲಕ ಕೊಟ್ಟು ನೋಡಿದಾಗ 600 ಮಿಲಿಗ್ರಾಂ ಪಡೆದವರ ಉರಿ, ನೋವು ಗಣನೀಯವಾಗಿ ಕಡಿಮೆಯಾಯಿತು. ಆಮೇಲೆ ಮಾತ್ರೆಯ ಸರದಿ. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 181 ಜನರಿಗೆ ಐದು ವಾರ ದಿನಕ್ಕೆ 600, 1200 ಅಥವಾ 1800 ಮಿಲಿಗ್ರಾಂ ಇಲ್ಲವೇ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. 600 ತಿಂದವರಲ್ಲಿ ತೊಂದರೆ ಶೇ. 51ರಷ್ಟು ಇಳಿಯಿತು. 1200, 1800 ತಿಂದವರಿಗೆ ಹೆಚ್ಚಿನ ಲಾಭ ಏನೂ ಸಿಗಲಿಲ್ಲ, ವಾಕರಿಕೆ ಮಾತ್ರ ಜಾಸ್ತಿಯಾಯಿತು. ಇಲ್ಲಿ ಇನ್ನೊಂದು ಸಂಗತಿ ಗಮನಿಸಿ: ಹುಸಿ ಮಾತ್ರೆ ತಿಂದವರಿಗೂ ಶೇ. 32ರಷ್ಟು ಕಡಿಮೆಯಾಗಿತ್ತು! ‘ನಾನು ತಿಂದೆ, ನನಗೆ ಕಡಿಮೆಯಾಯ್ತು’ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅದು ಮಾತ್ರೆಯಿಂದಲೇ ಆಯ್ತು ಎನ್ನಲು ಅಷ್ಟು ಸಾಲದು.

ಐದು ವಾರದ ಮಾತು ಅದು. ದೀರ್ಘಕಾಲ ತಿಂದರೆ? 460 ಜನರ ಮೇಲೆ ನಾಲ್ಕು ವರ್ಷ ನಡೆದ ಪರೀಕ್ಷೆ 2011ರಲ್ಲಿ ಬಂತು. ಮೊದಲೇ ನಿಗದಿ ಮಾಡಿಕೊಂಡಿದ್ದ ಮುಖ್ಯ ಗುರಿಯಲ್ಲಿ ಮಾತ್ರೆಗೂ ಹುಸಿ ಮಾತ್ರೆಗೂ ಖಚಿತ ವ್ಯತ್ಯಾಸ ಸಿಗಲಿಲ್ಲ. ಕೆಲವು ಚಿಕ್ಕ ಅಳತೆಗಳಲ್ಲಿ ಮಾತ್ರ ಸುಧಾರಣೆ ಕಂಡಿತು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2024ರಲ್ಲಿ ಒಟ್ಟು 816 ರೋಗಿಗಳಿದ್ದ ಮೂರು ದೀರ್ಘ ಪರೀಕ್ಷೆಗಳನ್ನು ನೋಡಿ, ಆರು ತಿಂಗಳ ಬಳಿಕ ರೋಗಲಕ್ಷಣಗಳ ಮೇಲೆ ಇದರ ಪರಿಣಾಮ ಬಹುಶಃ ಅತ್ಯಲ್ಪ ಅಥವಾ ಏನೂ ಇಲ್ಲ ಎಂದು ಹೇಳಿತು. ನಮ್ಮ ಅಭಿಪ್ರಾಯದಲ್ಲಿ ಇದರ ಅರ್ಥ ಇಷ್ಟು: ಡಾಕ್ಟರ್ ಬರೆದುಕೊಟ್ಟರೆ ಒಂದೆರಡು ತಿಂಗಳು ತಿಂದು ನೋಡುವುದರಲ್ಲಿ ತಪ್ಪಿಲ್ಲ, ಉರಿ ಕಡಿಮೆಯಾಗದಿದ್ದರೆ ವರ್ಷಾನುಗಟ್ಟಲೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ನಮ್ಮ ಊರಿನ ಮೆಡಿಕಲ್ ಶಾಪ್‌ನಲ್ಲಿ ಸಿಗುವ ‘ನರದ ಮಾತ್ರೆ’ ಹೆಚ್ಚಾಗಿ ಮಿಶ್ರಣ. ಪಟ್ಟಿಯ ಹಿಂದೆ ಓದಿ ನೋಡಿ: ಮಿಥೈಲ್ ಕೋಬಾಲಮಿನ್ 1500 ಮೈಕ್ರೋಗ್ರಾಂ, ಆಲ್ಫಾ ಲಿಪೋಯಿಕ್ ಆಸಿಡ್ 100 ಮಿಲಿಗ್ರಾಂ, ಜೊತೆಗೆ ಫೋಲಿಕ್ ಆಸಿಡ್, ಬಿ6. ಕೆಲವದರಲ್ಲಿ ಪ್ರೆಗಾಬಲಿನ್ ಎಂಬ ನೋವಿನ ಔಷಧಿಯೂ ಸೇರಿರುತ್ತದೆ. ಪರೀಕ್ಷೆಗಳಲ್ಲಿ ಕೊಟ್ಟದ್ದು 600, ಇಲ್ಲಿರುವುದು 100. ಅಂಥ ಮಾತ್ರೆಯಿಂದ ಕಾಲು ಉರಿ ಕಡಿಮೆಯಾದರೆ ಅದರ ಶ್ರೇಯಸ್ಸು ಬಹುಶಃ ಮಿಥೈಲ್ ಕೋಬಾಲಮಿನ್‌ಗೋ ಪ್ರೆಗಾಬಲಿನ್‌ಗೋ ಹೋಗಬೇಕು.

ಯಾಕಂದ್ರೆ ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಬಿ12 ವಿಟಮಿನ್ ಕಡಿಮೆಯಾಗುವುದು ಚೆನ್ನಾಗಿ ಗೊತ್ತಿರುವ ವಿಷಯ. ಬಿ12 ಕೊರತೆಯಿಂದಲೂ ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಆದರೆ ಬಿ12 ಕೊರತೆಗೆ ಮದ್ದು ಬಿ12, ಲಿಪೋಯಿಕ್ ಆಸಿಡ್ ಅಲ್ಲ. ಹಾಗಾಗಿ ಉಪ್ಪನಿಗೋ ಉಮ್ಮನಿಗೋ ಕಾಲು ಉರಿ ಎಂದರೆ ಮೊದಲು ಕೇಳಬೇಕಾದದ್ದು ‘ಯಾವ ಸಪ್ಲಿಮೆಂಟ್ ಒಳ್ಳೆಯದು’ ಎಂದಲ್ಲ, ‘ಬಿ12, ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸಿದ್ದೀರಾ’ ಎಂದು. ಮತ್ತೊಂದು ಎಚ್ಚರ: ಬಿ6 ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ದೇಹಕ್ಕೆ ಹೋದರೆ ಅದರಿಂದಲೇ ನರ ಕೆಡುತ್ತದೆ. ಎರಡು ಮೂರು ಬಗೆಯ ‘ನರದ ಮಾತ್ರೆ’ಗಳನ್ನು ಒಟ್ಟಿಗೆ ತಿನ್ನುವವರು ಎಲ್ಲದರಲ್ಲೂ ಇರುವ ಬಿ6 ಕೂಡಿಸಿ ನೋಡಬೇಕು.

ನರ ಉಳಿಸುವುದರಲ್ಲಿ ಶುಗರ್ ಹತೋಟಿಯ ಸಾಟಿ ಯಾವ ಮಾತ್ರೆಗೂ ಇಲ್ಲ. ಟೈಪ್ 1 ಡಯಾಬಿಟಿಸ್ ಇದ್ದ 1,441 ಜನರ ಮೇಲೆ ನಡೆದು 1993ರಲ್ಲಿ ಮುಗಿದ ಪ್ರಸಿದ್ಧ ಅಧ್ಯಯನದಲ್ಲಿ ಬಿಗಿಯಾದ ಹತೋಟಿಯಿಂದ ನರದ ಕಾಯಿಲೆ ಶೇ. 60ರಷ್ಟು ಕಡಿಮೆಯಾಗಿತ್ತು. ಉರಿ ಸಹಿಸಲಾಗದಿದ್ದರೆ ಡುಲಾಕ್ಸೆಟಿನ್, ಪ್ರೆಗಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಿಗಳಿವೆ, ಡಾಕ್ಟರ್ ಹೇಳಿದಂತೆ.

ಮಾತ್ರೆಗಿಂತ ಮುಖ್ಯವಾದ ಇನ್ನೊಂದು ಮಾತು ಪಾದದ ಬಗ್ಗೆಯೇ. ಕಾಲು ಕತ್ತರಿಸುವ ಹಂತಕ್ಕೆ ಒಯ್ಯುವುದು ಉರಿ ಅಲ್ಲ, ಉರಿಯೂ ಗೊತ್ತಾಗದ ಮರಗಟ್ಟುವಿಕೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಗಾಯ ಕೀವು ಆದಮೇಲೆ ವಾಸನೆಯಿಂದ ಮನೆಯವರಿಗೆ ಗೊತ್ತಾಗುತ್ತದೆ. ನಮಾಝಿಗೆ ವುಝೂ ಮಾಡುವವರು ದಿನಕ್ಕೆ ಹಲವು ಬಾರಿ ಹೇಗೂ ಪಾದ ತೊಳೆಯುತ್ತಾರೆ. ಅದರಲ್ಲಿ ಒಂದು ಸಲವಾದರೂ ಅಂಗಾಲು ತಿರುಗಿಸಿ ನೋಡಿ. ಬಗ್ಗಲು ಆಗದಿದ್ದರೆ ಮೊಮ್ಮಕ್ಕಳಿಗೆ ಹೇಳಿ, ಇಲ್ಲವೇ ಕನ್ನಡಿ ನೆಲದಲ್ಲಿಟ್ಟು ನೋಡಿ. ತೊಳೆದ ಮೇಲೆ ಬೆರಳುಗಳ ಸಂದು ಒರೆಸಿ ಒಣಗಿಸಬೇಕು. ಒದ್ದೆ ಉಳಿದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಬೇಗ ಫಂಗಸ್ ಬರುತ್ತದೆ. ಬಿಸಿ ನೀರನ್ನು ಕಾಲಿನಿಂದ ಪರೀಕ್ಷಿಸಬೇಡಿ, ಮೊಣಕೈಯಿಂದ ನೋಡಿ.

ಡಿಟಾಕ್ಸ್: ಎಲ್ಲಿಂದ ಬಂತು ಈ ಕತೆ?

ಲಿಪೋಯಿಕ್ ಆಸಿಡ್‌ಗೆ ‘ಲಿವರ್ ಶುದ್ಧಿ’ಯ ಹೆಸರು ಬಂದದ್ದಕ್ಕೆ ಒಂದು ಹಿನ್ನೆಲೆ ಇದೆ. 1960, 70ರ ದಶಕಗಳಲ್ಲಿ ಯುರೋಪಿನಲ್ಲಿ, ಆಮೇಲೆ ಅಮೆರಿಕದಲ್ಲಿ, ಲಿವರನ್ನೇ ಕೊಲ್ಲುವ ವಿಷ ಅಣಬೆ ತಿಂದವರಿಗೆ ಇದನ್ನು ಡ್ರಿಪ್‌ನಲ್ಲಿ ಕೊಟ್ಟರು. ಕೆಲವರು ಬದುಕಿದರು. ಆದರೆ ಅದು ಈ ಔಷಧಿಯಿಂದಲೋ ಅಥವಾ ಜೊತೆಗೆ ಸಿಕ್ಕಿದ ಆಸ್ಪತ್ರೆಯ ಆರೈಕೆಯಿಂದಲೋ ಎಂಬುದು ಸಾಬೀತಾಗಲಿಲ್ಲ. ಈಗ ಅಂಥ ರೋಗಿಗಳಿಗೆ ಸಿಲಿಬಿನಿನ್, ಎನ್ ಅಸಿಟೈಲ್ ಸಿಸ್ಟೀನ್ ಕೊಡುತ್ತಾರೆ. ಲಿಪೋಯಿಕ್ ಆಸಿಡ್ ಆ ಸ್ಥಾನದಿಂದ ಇಳಿದುಹೋಯಿತು, ಹೆಸರು ಮಾತ್ರ ಉಳಿದುಕೊಂಡಿತು.

ಎರಡನೆಯದ್ದು ಲೋಹದ ಕತೆ. ಗಂಧಕ ಇರುವುದರಿಂದ ಇದು ಪಾದರಸ, ಆರ್ಸೆನಿಕ್‌ನಂಥ ಲೋಹಗಳನ್ನು ಹಿಡಿಯಬಲ್ಲದು, ಹಾಗಾಗಿ ದೇಹದಿಂದ ಹೊರಹಾಕುತ್ತದೆ ಎಂಬ ವಾದ. ಹಿಡಿಯುವುದು ಬೇರೆ, ಹೊರಹಾಕುವುದು ಬೇರೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಒಂದು ಬಗೆಯ ಪಾದರಸ ಪಿತ್ತದ ಮೂಲಕ ಹೆಚ್ಚು ಹೊರಹೋದರೆ, ಮೀಥೈಲ್ ಪಾದರಸ ಮತ್ತು ಕ್ಯಾಡ್ಮಿಯಂ ಹೊರಹೋಗುವುದು ಕಡಿಮೆಯೇ ಆಯಿತು. ಮೀನಿನ ಮೂಲಕ ದೇಹಕ್ಕೆ ಸೇರುವುದು ಈ ಮೀಥೈಲ್ ಪಾದರಸವೇ. ನಿಜವಾಗಿಯೂ ಸೀಸ, ಪಾದರಸದ ವಿಷ ಏರಿದವರಿಗೆ ರಕ್ತ ಪರೀಕ್ಷೆ ಮಾಡಿ, ಸಕ್ಸಿಮರ್‌ನಂಥ ಔಷಧಿಗಳನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಆನ್‌ಲೈನ್ ಡಬ್ಬಿಯಿಂದ ಮಾಡಿಕೊಳ್ಳುವ ಕೆಲಸ ಅಲ್ಲ ಅದು.

ಕಾಸರಗೋಡಿನವರಿಗೆ ‘ದೇಹದಲ್ಲಿರುವ ವಿಷ ತೆಗೆಯುತ್ತೇವೆ’ ಎಂಬ ಮಾತು ಬೇರೆಯವರಿಗಿಂತ ಬೇಗ ತಟ್ಟುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಎರಡು ದಶಕಗಳು, ಎಣ್ಮಕಜೆ, ಪಡ್ರೆ ಕಡೆಯ ಮಕ್ಕಳ ಸ್ಥಿತಿ ಇಲ್ಲಿ ಯಾರೂ ಮರೆತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ನಿಲ್ಲಿಸಿತು. ಆ ನೋವನ್ನು ಬಂಡವಾಳ ಮಾಡಿಕೊಂಡು ‘ಕೀಟನಾಶಕ ಡಿಟಾಕ್ಸ್’ ಮಾರಲು ಯಾರಾದರೂ ಬಂದರೆ ಸ್ಪಷ್ಟವಾಗಿ ತಿಳಿದಿರಲಿ: ಲಿಪೋಯಿಕ್ ಆಸಿಡ್ ಎಂಡೋಸಲ್ಫಾನನ್ನು ದೇಹದಿಂದ ತೆಗೆಯುತ್ತದೆ ಎನ್ನಲು ಮನುಷ್ಯರ ಮೇಲಿನ ಪುರಾವೆ ಇಲ್ಲ.

ಆರೋಗ್ಯವಂತರಲ್ಲಿ ಡಿಟಾಕ್ಸ್ ಕೆಲಸವನ್ನು ಲಿವರ್ ಮತ್ತು ಕಿಡ್ನಿ ದಿನದ 24 ಗಂಟೆಯೂ ಮಾಡುತ್ತಲೇ ಇರುತ್ತವೆ. ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ‘ಯಾವ ವಿಷ? ಅದರ ಹೆಸರು ಹೇಳಿ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು?’ ಉತ್ತರ ಬರುವುದಿಲ್ಲ. ಫ್ಯಾಟಿ ಲಿವರ್ ಇದ್ದವರಿಗೆ ತೂಕ ಇಳಿಸುವುದು, ಸಕ್ಕರೆ ಪಾನೀಯ ಬಿಡುವುದು, ನಡೆಯುವುದು ಇವೇ ಮದ್ದು. ತೂಕದ ವಿಷಯದಲ್ಲಿ ಲಿಪೋಯಿಕ್ ಆಸಿಡ್‌ನಿಂದ ಹುಸಿ ಮಾತ್ರೆಗಿಂತ ಹೆಚ್ಚಾಗಿ ಇಳಿದದ್ದು ಸರಾಸರಿ ಒಂದೂಕಾಲು ಕಿಲೋ. ರಾತ್ರಿಯ ಪರೋಟ ಒಂದು ಕಡಿಮೆ ಮಾಡಿದರೆ ಅದಕ್ಕಿಂತ ಹೆಚ್ಚು ಇಳಿಯಬಹುದು.

ಮದುವೆಗೆ ಮುಂಚೆ ಮುಖ ಬಿಳುಪಾಗಲಿ ಎಂದು ಗ್ಲುಟಾಥಯೋನ್, ವಿಟಮಿನ್ ಸಿ, ಲಿಪೋಯಿಕ್ ಆಸಿಡ್ ಸೇರಿಸಿ ಹಾಕುವ ‘ಗ್ಲೋ ಡ್ರಿಪ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಮ ಬಿಳುಪಿಗೆ ಗ್ಲುಟಾಥಯೋನ್ ಇಂಜೆಕ್ಷನ್ ಬೇಡ ಎಂದು ಫಿಲಿಪೈನ್ಸ್‌ನ ಔಷಧ ನಿಯಂತ್ರಣ ಸಂಸ್ಥೆಯೇ ಎಚ್ಚರಿಸಿದೆ. ಬ್ಯೂಟಿ ಪಾರ್ಲರ್‌ನಲ್ಲಿ ರಕ್ತನಾಳಕ್ಕೆ ಸೂಜಿ ಹಾಕಿಸಿಕೊಳ್ಳಬೇಡಿ, ಅಷ್ಟೇ.

ಯಾರಿಗೆ ಅಪಾಯ?

ಹೆಚ್ಚಿನವರಿಗೆ 600 ಮಿಲಿಗ್ರಾಂವರೆಗೆ ದೊಡ್ಡ ತೊಂದರೆ ಆಗುವುದಿಲ್ಲ. ವಾಕರಿಕೆ, ಎದೆಯುರಿ, ಚರ್ಮದಲ್ಲಿ ತುರಿಕೆ, ಮೂತ್ರಕ್ಕೆ ಒಂಥರ ವಾಸನೆ ಬರಬಹುದು. ಆದರೆ ಇನ್ಸುಲಿನ್, ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ಇನ್ನಷ್ಟು ಇಳಿಯುವ ಸಾಧ್ಯತೆ ಇದೆ. ಇಲ್ಲಿ ರಮಝಾನ್ ನೆನಪಿಡಬೇಕು. ಲಿಪೋಯಿಕ್ ಆಸಿಡನ್ನು ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ಗಂಟೆ ಮೊದಲು ತಿನ್ನಲು ಹೇಳುತ್ತಾರೆ, ಊಟದ ಜೊತೆ ತಿಂದರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಇಡೀ ದಿನ ಉಪವಾಸವಿದ್ದು, ಸಹರಿಗೆ ಶುಗರ್ ಮಾತ್ರೆಯ ಜೊತೆ ಇದನ್ನೂ ಹೊಸದಾಗಿ ಶುರು ಮಾಡುವುದು ಒಳ್ಳೆಯದಲ್ಲ. ಉಪವಾಸ ತಿಂಗಳ ಮೊದಲೇ ಡಾಕ್ಟರ್ ಹತ್ತಿರ ಹೋಗಿ ಎಲ್ಲ ಮಾತ್ರೆಗಳ ಸಮಯ ಕೇಳಿಕೊಳ್ಳಿ, ಸಪ್ಲಿಮೆಂಟ್ ಹೆಸರನ್ನೂ ಹೇಳಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಶುಗರ್ ನೋಡಿ.

ಶುಗರ್ ಕಾಯಿಲೆಯೇ ಇಲ್ಲದವರಿಗೂ ಒಂದು ಅಪರೂಪದ ಅಪಾಯ ಇದೆ. ದೇಹವು ತನ್ನದೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ತಯಾರಿಸಿ, ಇದ್ದಕ್ಕಿದ್ದಂತೆ ಶುಗರ್ ಕುಸಿಯುವ ಸ್ಥಿತಿ ಅದು. ಮೊದಲು ಜಪಾನಿನಲ್ಲಿ ಹಿರಾಟ ಎಂಬ ವೈದ್ಯರು ಗುರುತಿಸಿದ ಕಾಯಿಲೆ. ಗಂಧಕ ಇರುವ ಕೆಲವು ಔಷಧಿಗಳು, ಅವುಗಳಲ್ಲಿ ಲಿಪೋಯಿಕ್ ಆಸಿಡ್ ಕೂಡ, ಕೆಲವು ನಿರ್ದಿಷ್ಟ ವಂಶವಾಹಿ ಇರುವವರಲ್ಲಿ ಇದನ್ನು ಎಬ್ಬಿಸುತ್ತವೆ. ಜಪಾನ್, ಇಟಲಿಯಲ್ಲಿ ಇಂಥ ಪ್ರಕರಣಗಳು ವರದಿಯಾಗಿವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಇದನ್ನು ಪರಿಶೀಲಿಸಿ, ಅಂಥವರಿಗೆ ಇಷ್ಟು ಪ್ರಮಾಣ ಸುರಕ್ಷಿತ ಎಂದು ಒಂದು ಅಂಕಿ ಕೊಡಲು ಆಗುವುದಿಲ್ಲ ಎಂದಿತು. ‘ಆರೋಗ್ಯಕ್ಕೆ ಅಂತ ಸುಮ್ಮನೆ’ ತಿನ್ನುವ ಯುವಕರಿಗೆ ಹೇಳಬೇಕಾದದ್ದು ಇದು. ಮಾತ್ರೆ ಶುರು ಮಾಡಿದ ವಾರಗಳ ಬಳಿಕ ಹಸಿವು, ನಡುಕ, ತಲೆಸುತ್ತು ಶುರುವಾದರೆ ನಿಲ್ಲಿಸಿ, ಡಾಕ್ಟರಿಗೆ ಡಬ್ಬಿ ತೋರಿಸಿ.

ಥೈರಾಯ್ಡ್ ಮಾತ್ರೆ ತಿನ್ನುವವರು, ಕ್ಯಾನ್ಸರ್‌ಗೆ ಕಿಮೋ ಪಡೆಯುತ್ತಿರುವವರು, ಗರ್ಭಿಣಿಯರು, ಹಾಲುಣಿಸುವವರು ಕೇಳದೆ ತಿನ್ನಬಾರದು. ಮದ್ಯದ ಚಟ ಅಥವಾ ತೀರಾ ಅಪೌಷ್ಟಿಕತೆಯಿಂದ ಬಿ1 ಕೊರತೆ ಇರುವವರೂ ಹಾಗೆಯೇ.

ಡಬ್ಬಿ ಕೊಳ್ಳುವಾಗ

ಡಾಕ್ಟರ್ ಹೇಳಿ ಕೊಳ್ಳಲೇಬೇಕಾದರೆ ಎಫ್‌ಎಸ್‌ಎಸ್‌ಎಐ ಲೈಸನ್ಸ್ ನಂಬರ್, ತಯಾರಿಕೆ ಮತ್ತು ಮುಗಿಯುವ ದಿನಾಂಕ, ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಎಂಬುದನ್ನು ನೋಡಿ. ಕೆಲವು ಡಬ್ಬಿಗಳು ಎರಡು ಮೂರು ಕ್ಯಾಪ್ಸೂಲ್ ಸೇರಿಸಿದ ಲೆಕ್ಕವನ್ನು ದೊಡ್ಡದಾಗಿ ಬರೆಯುತ್ತವೆ. ಕೇರಳದ ಲಿವರ್ ತಜ್ಞರ ತಂಡ 2024ರಲ್ಲಿ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 70ರಷ್ಟರಲ್ಲಿ ಪ್ರೋಟೀನ್ ಲೆಕ್ಕ ಲೇಬಲ್‌ನಂತೆ ಇರಲಿಲ್ಲ. ಲಿಪೋಯಿಕ್ ಆಸಿಡ್ ಡಬ್ಬಿಗಳು ಮಾತ್ರ ಇದಕ್ಕೆ ಹೊರತು ಎಂದು ನಂಬಲು ಕಾರಣ ಏನೂ ಇಲ್ಲ.

ಕ್ಯಾಪ್ಸೂಲ್‌ನ ಹೊರಕವಚ ಜೆಲಾಟಿನ್ ಆಗಿದ್ದರೆ ಅದು ಪ್ರಾಣಿಮೂಲದ್ದು. ವಿದೇಶದ ಡಬ್ಬಿಗಳಲ್ಲಿ ಹಂದಿ ಮೂಲದ್ದೂ ಇರಬಹುದು. ಹಲಾಲ್ ಗುರುತು ಇದೆಯೇ ನೋಡಿ, ಇಲ್ಲವೇ ‘ವೆಜಿಟೇರಿಯನ್ ಕ್ಯಾಪ್ಸೂಲ್’, ‘ಎಚ್‌ಪಿಎಂಸಿ’ ಎಂದು ಬರೆದದ್ದನ್ನು ಆರಿಸಿ. ಮಾತ್ರೆ ರೂಪದಲ್ಲಿ ಬರುವುದರಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ.

‘ಆರ್ ಲಿಪೋಯಿಕ್’ ಎಂದು ಬರೆದ ದುಬಾರಿ ಡಬ್ಬಿಗಳೂ ಇವೆ. ದೇಹ ತಯಾರಿಸುವುದು ಈ ‘ಆರ್’ ರೂಪವನ್ನೇ, ಕಾರ್ಖಾನೆಯ ಸಾಮಾನ್ಯ ಮಾತ್ರೆಯಲ್ಲಿ ‘ಆರ್’, ‘ಎಸ್’ ಎರಡೂ ಅರ್ಧರ್ಧ ಇರುತ್ತವೆ. ಆದರೆ ಮೇಲೆ ಹೇಳಿದ ದೊಡ್ಡ ಪರೀಕ್ಷೆಗಳೆಲ್ಲ ಅರ್ಧರ್ಧ ಇರುವ ಮಾತ್ರೆಯಲ್ಲೇ ನಡೆದವು. ಶುದ್ಧ ‘ಆರ್’ ರೂಪ ಸುಮಾರು 50 ಡಿಗ್ರಿಯಲ್ಲೇ ಕರಗಿ ಅಂಟಂಟಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅಷ್ಟು ಬಿಸಿ ಆಗಲು ಹೆಚ್ಚು ಹೊತ್ತು ಬೇಡ.

ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಒಂದೆರಡು ವರ್ಷದ ಮಗು ದೊಡ್ಡವರ ಮಾತ್ರೆಗಳನ್ನು ನುಂಗಿ ಫಿಟ್ಸ್ ಬಂದು ಐಸಿಯು ಸೇರಿದ ಪ್ರಕರಣ, ಹದಿಹರೆಯದ ಹುಡುಗಿ ಒಮ್ಮೆಲೇ ಹಲವು ಗ್ರಾಂ ನುಂಗಿ ತೀರಿಕೊಂಡ ಪ್ರಕರಣ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಗು ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸುತ್ತಾ ಕೂರಬೇಡಿ, ಡಬ್ಬಿ ಸಮೇತ ನೇರ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಬೆಕ್ಕು ಸಾಕುವವರೂ ಜಾಗ್ರತೆ: ನಾಯಿಗಿಂತ ಬೆಕ್ಕಿಗೆ ಈ ಮಾತ್ರೆ ಸುಮಾರು ಹತ್ತು ಪಟ್ಟು ಹೆಚ್ಚು ವಿಷ.